ಲ್ಯಾಬ್‌ನಲ್ಲಿ ಒಂದೊಂದು ಲಿನಕ್ಸ್‌ಗೆ ಒಂದೊಂದು ಮೆನು: ಏನು ಮಾಡೋದು?

ಪ್ರಶ್ನೆ, ಕುಂಬಳೆಯ ಟೀಚರ್:
ನಮ್ಮದು ಕನ್ನಡ ಮಾಧ್ಯಮ ಶಾಲೆ. ಲ್ಯಾಬ್‌ನ ಲಿನಕ್ಸ್ ಸಿಸ್ಟಮ್‌ಗಳಲ್ಲಿ ಡೆಸ್ಕ್‌ಟಾಪ್ (ತೆರೆಯ ನೋಟ, ಮೆನು ಎಲ್ಲಾ ಕೊಡುವ ಸಾಫ್ಟ್‌ವೇರ್) ಬೇರೆ ಬೇರೆ: ಹಳೆಯದರಲ್ಲಿ ಎಕ್ಸ್‌ಎಫ್‌ಸಿಇ, ಹೊಸದರಲ್ಲಿ ಗ್ನೋಮ್, ಯಾರೋ ಕೊಟ್ಟ ಎರಡರಲ್ಲಿ ಕೆಡಿಇ. ಮಕ್ಕಳು ಜಾಗ ಬದಲಿಸಿದ ಕೂಡಲೇ "ಟೀಚರೇ, ಜಿಯೋಜೀಬ್ರಾ ಎಲ್ಲಿ?" (ಅದು ಗಣಿತದ ಸಾಫ್ಟ್‌ವೇರ್.) ಎಲ್ಲಾ ಕಡೆ ಒಂದೇ ಮೆನು ಮಾಡಿದವರು ಇದ್ದೀರಾ?

ಮಂಜೇಶ್ವರದಿಂದ:
ಮೆನು ತಿದ್ದುವ ಸಾಫ್ಟ್‌ವೇರ್ ಇದೆ, ಮೆನುಲಿಬ್ರೆ ಅಂತ, ಅದನ್ನು ಹಾಕಿ. ಕ್ಲಿಕ್ ಮಾಡಿದರೆ ಆಯ್ತು, ಫೈಲು ಗೀಲು ಮುಟ್ಟುವ ತಲೆನೋವೇ ಇಲ್ಲ.

ಬದಿಯಡ್ಕದಿಂದ:
ಮನೆಯ ಕಂಪ್ಯೂಟರಿಗೆ ಅದು ಸರಿ. ಆದರೆ ಅದು ಮಾಡಿದ ಬದಲಾವಣೆ ಆ ಒಬ್ಬ ಯೂಸರ್‌ನ ಹೋಮ್ ಫೋಲ್ಡರಿನಲ್ಲಿ ಕೂರುತ್ತದೆ. ಲ್ಯಾಬ್‌ನಲ್ಲಿ ತರಗತಿಗೊಂದು ಲಾಗಿನ್ ಇದ್ದರೆ ಪ್ರತಿಯೊಂದರಲ್ಲೂ ಮಾಡಬೇಕು.

ಟೀಚರೇ, ನೋಟ ಒಂದೇ ಥರ ಮಾಡಲು ಹೊರಡಬೇಡಿ. ಗ್ನೋಮ್‌ನಲ್ಲಿ ಈಗ ವಿಭಾಗವಾರು ಮೆನುವೇ ಬರುವುದಿಲ್ಲ, ಬರೀ ಐಕಾನ್‌ಗಳ ಸಾಲು. ಅದರ ಜೊತೆ ಗುದ್ದಾಡಿ ಪ್ರಯೋಜನ ಇಲ್ಲ. ಆದರೆ ಮೂರೂ ಓದುವುದು ಒಂದೇ ಬಗೆಯ ಫೈಲು: ಹೆಸರಿನ ಕೊನೆಗೆ ಡಾಟ್ ಡೆಸ್ಕ್‌ಟಾಪ್ ಇರುವ ಪುಟ್ಟ ಟೆಕ್ಸ್ಟ್ ಫೈಲು. ಪ್ರೋಗ್ರಾಂನ ಹೆಸರು, ಐಕಾನ್, ಕಮಾಂಡ್, ವಿಭಾಗ ಎಲ್ಲಾ ಅದರಲ್ಲೇ. 2000ದಲ್ಲಿ ಹಾವೊಕ್ ಪೆನ್ನಿಂಗ್ಟನ್ ಶುರು ಮಾಡಿದ ಫ್ರೀಡೆಸ್ಕ್‌ಟಾಪ್ (ಎಲ್ಲಾ ಡೆಸ್ಕ್‌ಟಾಪ್‌ಗಳಿಗೆ ಸಾಮಾನ್ಯ ನಿಯಮ ಬರೆಯುವ ಯೋಜನೆ) ಅವರ ನಿಯಮ ಇದು. ಡೆಬಿಯನ್ ಅನ್ನುವ ಲಿನಕ್ಸ್‌ಗೆ ತನ್ನದೇ ಬೇರೆ ಮೆನು ಪದ್ಧತಿ ಇತ್ತು. 2015ರಲ್ಲಿ ಅವರ ತಾಂತ್ರಿಕ ಸಮಿತಿಯೂ ಇದರ ಕಡೆಗೇ ವಾಲಿತು.

ಈ ಫೈಲುಗಳು ಇರುವುದು ಯುಎಸ್‌ಆರ್ ಫೋಲ್ಡರಿನ ಒಳಗೆ ಶೇರ್, ಅದರೊಳಗೆ ಅಪ್ಲಿಕೇಶನ್ಸ್‌ನಲ್ಲಿ. ಅಲ್ಲೇ ತಿದ್ದಬೇಡಿ, ಅಪ್‌ಡೇಟ್ ಬಂದಾಗ ಅಳಿಸಿಹೋಗುತ್ತದೆ. ಅದೇ ಹೆಸರಿನ ಪ್ರತಿಯನ್ನು ಯುಎಸ್‌ಆರ್, ಲೋಕಲ್, ಶೇರ್, ಅಪ್ಲಿಕೇಶನ್ಸ್ ದಾರಿಯಲ್ಲಿ ಇಟ್ಟು ಅದನ್ನು ತಿದ್ದಿ. ಈ ಎರಡರಲ್ಲಿ ಸಾಮಾನ್ಯವಾಗಿ ಸಿಸ್ಟಮ್ ಮೊದಲು ನೋಡುವುದು ಇದನ್ನೇ, ಎಲ್ಲಾ ಲಾಗಿನ್‌ಗೂ ಅನ್ವಯ.

ವಿಭಾಗದ ಸಾಲು ಮುಖ್ಯ. ನಮ್ಮಲ್ಲಿ ಹೊರಗಿನಿಂದ ಇಳಿಸಿ ಹಾಕಿದ ಒಂದು ಗಣಿತದ ಸಾಫ್ಟ್‌ವೇರ್ ಯಾವಾಗಲೂ 'ಇತರೆ'ಯಲ್ಲಿ ಹೋಗಿ ಕೂರುತ್ತಿತ್ತು. ಅದರ ಡಾಟ್ ಡೆಸ್ಕ್‌ಟಾಪ್ ಫೈಲು ಬಿಡಿಸಿ ನೋಡಿದರೆ ಕೆಟಗರೀಸ್ (ವಿಭಾಗದ ಸಾಲು) ಎದುರು ಬರೀ 'ಮ್ಯಾಥ್' ಅಂತ ಇತ್ತು. ಅದು ಉಪವಿಭಾಗ ಮಾತ್ರ, ಅದರ ಜೊತೆ 'ಎಜುಕೇಶನ್' ಅಂತ ಮುಖ್ಯ ವಿಭಾಗವೂ ಬೇಕು. ಸೇರಿಸಿದ ಮೇಲೆ ಸರಿಯಾಯಿತು. ಪ್ರತಿ ವಿಭಾಗದ ನಂತರ ಸೆಮಿಕೋಲನ್, ಕೊನೆಯದಕ್ಕೂ.

ಮಂಜೇಶ್ವರದಿಂದ:
ಹೌದಾ, ಹೋಮ್ ಫೋಲ್ಡರಿನ ವಿಷಯ ಗೊತ್ತಿರಲಿಲ್ಲ. ನಾನು ಸುಮ್ನೆ ನನ್ನ ಲ್ಯಾಪ್‌ಟಾಪ್ ನೋಡಿ ಹೇಳಿದ್ದು.

ಮುಳ್ಳೇರಿಯದಿಂದ:
ಒಂದು ಸೇರಿಸ್ತೇನೆ. ನಮ್ಮಲ್ಲಿ ಮಲಯಾಳ ಮಾಧ್ಯಮದ ಮಕ್ಕಳೂ ಅದೇ ಲ್ಯಾಬ್‌ಗೆ ಬರುತ್ತಾರೆ. ಆ ಫೈಲಿನ ನೇಮ್ ಸಾಲಿನ ಕೆಳಗೆ ಮತ್ತೆ ನೇಮ್ ಅಂತ ಬರೆದು, ಅದಕ್ಕೆ ತಾಗಿಸಿ ಚೌಕ ಕಂಸದಲ್ಲಿ ಕೆಎನ್ ಹಾಕಿ ಕನ್ನಡ ಹೆಸರು, ಎಂಎಲ್ ಹಾಕಿ ಮಲಯಾಳ ಹೆಸರು ಬರೆಯಬಹುದು. ಲಾಗಿನ್‌ನ ಭಾಷೆ ಯಾವುದೋ ಆ ಹೆಸರು ಕಾಣುತ್ತದೆ. ಇದು ಮೂರು ಡೆಸ್ಕ್‌ಟಾಪ್‌ನಲ್ಲೂ ನಡೆಯುತ್ತದೆ.

ಬದಿಯಡ್ಕದಿಂದ:
ಒಳ್ಳೇದಾಯ್ತು, ಅದನ್ನು ಹೇಳಲು ಬಿಟ್ಟಿದ್ದೆ. ತಿದ್ದಿದ ಮೇಲೆ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಡೆಸ್ಕ್‌ಟಾಪ್-ಫೈಲ್-ವ್ಯಾಲಿಡೇಟ್ ಅನ್ನುವ ಕಮಾಂಡನ್ನು ಫೈಲಿನ ಹೆಸರಿನ ಜೊತೆ ಓಡಿಸಿ, ತಪ್ಪಿದ್ದರೆ ತೋರಿಸುತ್ತದೆ. ಒಂದು ಸಿಸ್ಟಮ್‌ನಲ್ಲಿ ಸರಿ ಬಂದರೆ ಆ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಉಳಿದವಕ್ಕೆ ಹಾಕಿ, ಪ್ರೋಗ್ರಾಂನ ಕಮಾಂಡ್ ಎಲ್ಲದರಲ್ಲೂ ಒಂದೇ ಇದೆಯಾ ಅಂತ ನೋಡಿಕೊಂಡು. ಫಾರ್ಮ್ಯಾಟ್ ಮಾಡುವ ಮೊದಲು ಅದರದ್ದೊಂದು ಬ್ಯಾಕಪ್ ಇರಲಿ.