ಪದೇ ಪದೇ ಕೂಗುವ ಸ್ಮೋಕ್ ಡಿಟೆಕ್ಟರ್‌ಗಳನ್ನು ಬಂದ್ ಮಾಡಿ ಇಡಬಹುದೇ?

ಪ್ರಶ್ನೆ: ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು 12 ಮಹಡಿಗಳ, 96 ಮನೆಗಳ ಅಪಾರ್ಟ್‌ಮೆಂಟ್. ಕಟ್ಟಿ 9 ವರ್ಷಗಳಾದವು. ಪ್ರತಿ ಮಹಡಿಯ ಕಾರಿಡಾರ್‌ನಲ್ಲಿ, ಲಿಫ್ಟಿನ ಮುಂದೆ, ಮಹಡಿಯಿಂದ ಮಹಡಿಗೆ ಕೇಬಲ್‌ಗಳು ಹಾದುಹೋಗುವ ಎಲೆಕ್ಟ್ರಿಕಲ್ ಶಾಫ್ಟಿನ ಒಳಗೆ, ಹಾಗೆಯೇ ಪ್ರತಿ ಮನೆಯ ಹಾಲ್ ಮತ್ತು ಅಡುಗೆಮನೆಯಲ್ಲಿ ಸ್ಮೋಕ್ ಡಿಟೆಕ್ಟರ್‌ಗಳಿವೆ. ಎರಡು ವರ್ಷಗಳಿಂದ ಹೂಟರ್ (ಎಚ್ಚರಿಕೆಯ ಸೈರನ್) ಸುಮ್ಮಸುಮ್ಮನೆ ಕೂಗುವುದು ಹೆಚ್ಚಾಗಿದೆ. ಒಂದು ಮನೆಯಲ್ಲಿ ಒಣಮೆಣಸಿನಕಾಯಿ ಹುರಿದರೂ ಸಾಕು, ಇನ್ನೊಂದು ಮನೆಯಲ್ಲಿ ಗಣಹೋಮ ಮಾಡಿಸಿದರೂ ಸಾಕು, ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಎರಡೂವರೆ ಗಂಟೆಗೆ ಕೂಗಿದಾಗ 96 ಮನೆಗಳಿಂದ ಮೆಟ್ಟಿಲಿಳಿದು ಬಂದವರು ನಾಲ್ಕು ಮಂದಿ ಮಾತ್ರ.

ಮರುದಿನ ಎಲ್ಲ ಡಿಟೆಕ್ಟರ್‌ಗಳೂ ಸೇರುವ, ಸೆಕ್ಯೂರಿಟಿ ಕೋಣೆಯಲ್ಲಿರುವ ಪ್ಯಾನಲ್ ನೋಡಲು ಹೋದೆ. ಬಜರ್‌ನ ತೂತಿನ ಮೇಲೆ ಕಪ್ಪು ಇನ್ಸುಲೇಶನ್ ಟೇಪನ್ನು ಎರಡು ಪದರ ಅಂಟಿಸಿದ್ದರು. ಹಳದಿ ಬಣ್ಣದ ಫಾಲ್ಟ್ ದೀಪ ಉರಿಯುತ್ತಿತ್ತು. ಸೆಕ್ಯೂರಿಟಿಯವರನ್ನು ಕೇಳಿದರೆ, “ಅದು ನಾನು ಕೆಲಸಕ್ಕೆ ಸೇರಿದಾಗಿನಿಂದ ಹಾಗೇ ಇದೆ ಸಾರ್” ಎಂದರು. ಎಎಂಸಿಯವರು (ವಾರ್ಷಿಕ ನಿರ್ವಹಣೆಯ ಗುತ್ತಿಗೆ ಪಡೆದವರು) ಮೂರು ತಿಂಗಳಿಗೊಮ್ಮೆ ಬಂದು ರಿಜಿಸ್ಟರ್‌ನಲ್ಲಿ “ಸಿಸ್ಟಮ್ ಓಕೆ” ಎಂದು ಬರೆದು ಸಹಿ ಹಾಕಿ ಹೋಗುತ್ತಾರೆ. ಈಗ ಸಮಿತಿಯ ಕೆಲವು ಸದಸ್ಯರು ಮನೆಗಳೊಳಗಿನ ಡಿಟೆಕ್ಟರ್‌ಗಳನ್ನು ಪ್ಯಾನಲ್‌ನಿಂದಲೇ ಬಂದ್ ಮಾಡಿಬಿಡೋಣ ಎನ್ನುತ್ತಿದ್ದಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ, ಆದರೆ ಅವರಿಗೆ ಉತ್ತರ ಕೊಡುವಷ್ಟು ತಿಳಿವಳಿಕೆ ನನಗಿಲ್ಲ. ಈ ಸುಳ್ಳು ಕೂಗಿಗೆ ಕಾರಣಗಳೇನು, ಪರೀಕ್ಷೆ ಎಂದರೆ ನಿಜವಾಗಿ ಏನು ಮಾಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಫೈರ್ ಅಲಾರ್ಮ್ ಅಳವಡಿಕೆಯಲ್ಲಿ 26 ವರ್ಷ ಕೆಲಸ ಮಾಡಿ ನಿವೃತ್ತನಾದವನು

ಮಾನ್ಯರೇ, ಬಂದ್ ಮಾಡಬೇಡಿ. ಕೂಗುವ ಡಿಟೆಕ್ಟರ್‌ಗೆ ಏನೋ ಕಾಣುತ್ತಿದೆ. ಅದು ಏನೆಂದು ಹುಡುಕಿದರೆ ಕೂಗು ತಾನಾಗಿ ನಿಲ್ಲುತ್ತದೆ.

ನಿಮ್ಮಲ್ಲಿರುವುದು ಬಹುಮಟ್ಟಿಗೆ ಆಪ್ಟಿಕಲ್ ಮಾದರಿಯ ಡಿಟೆಕ್ಟರ್‌ಗಳಾಗಿರುತ್ತವೆ. ಅದರ ಹೊಟ್ಟೆಯೊಳಗೆ ಹೊರಗಿನ ಬೆಳಕು ಬಾರದ ಪುಟ್ಟ ಕಪ್ಪು ಕೋಣೆಯಿದೆ. ಒಂದು ಬದಿಯಿಂದ ಎಲ್‌ಇಡಿ ಇನ್‌ಫ್ರಾರೆಡ್ ಬೆಳಕನ್ನು ಬಿಡುತ್ತದೆ, ಆ ಬೆಳಕು ನೇರವಾಗಿ ಬೀಳದ ಕೋನದಲ್ಲಿ ಸೆನ್ಸರ್ ಕುಳಿತಿರುತ್ತದೆ. ಹೊಗೆಯ ಕಣಗಳು ಒಳಗೆ ಬಂದಾಗ ಬೆಳಕು ಅವುಗಳಿಗೆ ತಾಗಿ ಚದುರಿ ಸೆನ್ಸರ್ ಮೇಲೆ ಬೀಳುತ್ತದೆ. ಅದು ನಿಗದಿತ ಮಟ್ಟ ದಾಟಿದರೆ ಅಲಾರ್ಮ್. ಬೆಳಕನ್ನು ಚದುರಿಸಲು ಹೊಗೆಯೇ ಬೇಕೆಂದಿಲ್ಲ ಎಂಬುದನ್ನು ಗಮನಿಸಿ. ಒಗ್ಗರಣೆಯ ಎಣ್ಣೆಯ ಆವಿ, ಬಚ್ಚಲುಮನೆಯ ಬಿಸಿನೀರಿನ ಹಬೆ, ಗೋಡೆ ಕೊರೆದಾಗ ಏಳುವ ಸಿಮೆಂಟ್ ಧೂಳು, ಒಳಗೆ ಬಲೆ ಕಟ್ಟಿದ ಜೇಡ, ಇವೆಲ್ಲವೂ ಸೆನ್ಸರ್‌ಗೆ ಒಂದೇ. ಮೊದಲ ಮಳೆಯ ರಾತ್ರಿ ಕೂಗಿತೆಂದು ಬರೆದಿದ್ದೀರಿ. ಅಂದು ರೆಕ್ಕೆ ಬಂದ ಗೆದ್ದಲುಹುಳಗಳು ಕಾರಿಡಾರ್ ದೀಪಕ್ಕೆ ಮುತ್ತಿರುತ್ತವೆ. ದೀಪದ ಪಕ್ಕದ ಡಿಟೆಕ್ಟರನ್ನು ಬಿಚ್ಚಿ ನೋಡಿ, ಜಾಲರಿಯಲ್ಲಿ ರೆಕ್ಕೆಗಳು ಸಿಕ್ಕಿಕೊಂಡಿರಬಹುದು.

ಅಡುಗೆಮನೆಯೊಳಗೆ ಸ್ಮೋಕ್ ಡಿಟೆಕ್ಟರ್ ಇರುವುದೇ ತಪ್ಪು. ಅಲ್ಲಿರಬೇಕಾದದ್ದು ಹೀಟ್ ಡಿಟೆಕ್ಟರ್. ಅದು ಹೊಗೆಗೆ ಅಲ್ಲ, ಶಾಖಕ್ಕೆ ಸ್ಪಂದಿಸುತ್ತದೆ. ಸಾಮಾನ್ಯ ಮಾದರಿಗಳು ಸುಮಾರು 57 ಡಿಗ್ರಿ ಸೆಲ್ಸಿಯಸ್‌ಗೆ ಕೂಗುತ್ತವೆ, ಕೆಲವು ಮಾದರಿಗಳು ಶಾಖ ಥಟ್ಟನೆ ಏರಿದರೂ ಕೂಗುತ್ತವೆ. ಹಲವು ತಯಾರಕರ ಸ್ಮೋಕ್ ಮತ್ತು ಹೀಟ್ ಡಿಟೆಕ್ಟರ್‌ಗಳು ಚಾವಣಿಗೆ ಬಿಗಿದಿರುವ ಒಂದೇ ಬೇಸ್‌ಗೆ ಕೂರುತ್ತವೆ. ನಿಮ್ಮದೂ ಹಾಗಿದ್ದರೆ ವೈರಿಂಗ್ ಮುಟ್ಟದೆ ತಿರುಗಿಸಿ ಬದಲಿಸಬಹುದು. ಪ್ರತಿ ಡಿಟೆಕ್ಟರನ್ನೂ ಅದರದೇ ಸಂಖ್ಯೆಯಿಂದ (ಅಡ್ರೆಸ್) ಗುರುತಿಸುವ ಅಡ್ರೆಸಬಲ್ ಪ್ಯಾನಲ್ ಆಗಿದ್ದರೆ ಹೊಸದಕ್ಕೆ ಹಳೆಯದರ ಅಡ್ರೆಸನ್ನೇ ಕೊಟ್ಟು, ಪ್ಯಾನಲ್‌ನಲ್ಲಿ ಅದರ ಬಗೆಯನ್ನು ತಿದ್ದಿಸಬೇಕು. ನಿಮ್ಮ ಸುಳ್ಳು ಕೂಗಿನಲ್ಲಿ ದೊಡ್ಡ ಪಾಲು ಇದೊಂದರಿಂದಲೇ ಇಳಿಯುತ್ತದೆ. ಆದರೆ ಹಾಲ್‌ನ ಡಿಟೆಕ್ಟರ್ ಸ್ಮೋಕ್ ಆಗಿಯೇ ಉಳಿಯಲಿ. ಸೋಫಾ, ಹಾಸಿಗೆಯಂಥವು ಹೊತ್ತಿ ಉರಿಯುವ ಮೊದಲು ಬಹಳ ಹೊತ್ತು ಹೊಗೆಯಾಡುತ್ತವೆ, ಕೋಣೆ ಬಿಸಿಯಾಗುವವರೆಗೆ ಕಾಯುತ್ತಾ ಕುಳಿತರೆ ಮಲಗಿದವರಿಗೆ ಸಮಯ ಉಳಿಯುವುದಿಲ್ಲ.

ಹೋಮಕ್ಕೆ ಒಂದು ಪದ್ಧತಿ ಮಾಡಿಕೊಳ್ಳಿ. ಹಿಂದಿನ ದಿನವೇ ಮನೆಯವರು ತಿಳಿಸಲಿ. ಆ ಮನೆಯ ಡಿಟೆಕ್ಟರನ್ನು ಮಾತ್ರ, ಅಷ್ಟು ಹೊತ್ತು ಮಾತ್ರ, ಪ್ಯಾನಲ್‌ನಲ್ಲಿ ಬಿಡಿಸಿಡಲಿ. ಬಿಡಿಸಿದ ಸಮಯ, ಮತ್ತೆ ಸೇರಿಸಿದ ಸಮಯ, ಎರಡನ್ನೂ ಸೆಕ್ಯೂರಿಟಿಯವರು ಪುಸ್ತಕದಲ್ಲಿ ಬರೆಯಲಿ. ಮತ್ತೆ ಸೇರಿಸುವುದನ್ನು ಮರೆಯುವುದೇ ಇದರಲ್ಲಿರುವ ಅಪಾಯ, ಆದ್ದರಿಂದ ಎರಡನೆಯ ಸಾಲು ಖಾಲಿಯಿದ್ದರೆ ಪಾಳಿ ಬದಲಿಸುವಂತಿಲ್ಲ ಎಂದು ನಿಯಮ ಮಾಡಿ.

ಇನ್ನು ಪರೀಕ್ಷೆಯ ವಿಷಯ. ಕಾಂತ ಹಿಡಿದು ಅಥವಾ ಗುಂಡಿ ಒತ್ತಿ ದೀಪ ಹೊತ್ತಿಸುವುದನ್ನು ಕೆಲವರು ಪರೀಕ್ಷೆ ಎನ್ನುತ್ತಾರೆ. ಅದರಿಂದ ಸರ್ಕ್ಯೂಟ್ ಸರಿಯಿದೆ ಎಂದು ಗೊತ್ತಾಗುತ್ತದೆಯೇ ಹೊರತು ಹೊಗೆ ಒಳಗೆ ಹೋಗುತ್ತದೆಯೇ ಎಂದು ಗೊತ್ತಾಗುವುದಿಲ್ಲ. ಜಾಲರಿಯ ಮೇಲೆ ಪೇಂಟ್ ಮೆತ್ತಿಕೊಂಡ ಡಿಟೆಕ್ಟರ್ ಗುಂಡಿಗೆ ಕೂಗುತ್ತದೆ, ಹೊಗೆಗೆ ಕೂಗುವುದಿಲ್ಲ. ಉದ್ದನೆಯ ಕೋಲಿನ ತುದಿಗೆ ಬಟ್ಟಲಿನಂಥ ಮುಚ್ಚಳವಿದ್ದು, ಅದರೊಳಗಿನ ಕ್ಯಾನ್ ಕೃತಕ ಹೊಗೆಯನ್ನು ಸಿಂಪಡಿಸುವ ಉಪಕರಣವಿದೆ. ಅದರಿಂದಲೇ ಪರೀಕ್ಷೆ ನಡೆಯಬೇಕು. ಊದುಬತ್ತಿ ಹಿಡಿಯಲು ದಯವಿಟ್ಟು ಬಿಡಬೇಡಿ, ಅದರ ಜಿಡ್ಡು ಒಳಗೆ ಕುಳಿತು ಮುಂದಿನ ಸುಳ್ಳು ಕೂಗಿಗೆ ಅದೇ ಕಾರಣವಾಗುತ್ತದೆ. ಪ್ರತಿ ಭೇಟಿಯಲ್ಲಿ ಕಾಲುಭಾಗದಷ್ಟು ಡಿಟೆಕ್ಟರ್‌ಗಳನ್ನು ಹೊಗೆಯಿಂದ ಪರೀಕ್ಷಿಸಿ, ವರ್ಷ ಮುಗಿಯುವುದರೊಳಗೆ ಒಂದನ್ನೂ ಬಿಡದೆ ಮುಗಿಸಬೇಕು. “ಸಿಸ್ಟಮ್ ಓಕೆ” ಎಂಬ ಮಾತನ್ನು ಒಪ್ಪಬೇಡಿ. ಯಾವ ಮಹಡಿಯ ಯಾವ ಡಿಟೆಕ್ಟರ್, ಹೊಗೆ ಕೊಟ್ಟ ಎಷ್ಟು ಸೆಕೆಂಡಿಗೆ ಪ್ಯಾನಲ್‌ಗೆ ಸುದ್ದಿ ಬಂತು, ಪ್ಯಾನಲ್ ತೋರಿಸಿದ ಹೆಸರೂ ಜಾಗವೂ ಹೊಂದಿದವೇ ಎಂದು ಬರೆಯಿಸಿಕೊಳ್ಳಿ. ಆರನೇ ಮಹಡಿಗೆ ಹೊಗೆ ಕೊಟ್ಟಾಗ ಪ್ಯಾನಲ್ ಒಂಬತ್ತನೇ ಮಹಡಿ ಎಂದು ತೋರಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಟ್ಟಡಗಳಲ್ಲಿ ನೋಡಿದ್ದೇನೆ.

ಬ್ಯಾಟರಿಯನ್ನೂ ನೋಡಿಸಿ. ಪ್ಯಾನಲ್‌ನ ಒಳಗೆ 12 ವೋಲ್ಟಿನ ಎರಡು ಬ್ಯಾಟರಿಗಳು ಜೋಡಿಯಾಗಿ 24 ವೋಲ್ಟ್ ಕೊಡುತ್ತವೆ, ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಬಾಳುತ್ತವೆ. ಮೀಟರ್ ಹಿಡಿದಾಗ ಸರಿಯಾದ ವೋಲ್ಟೇಜ್ ತೋರಿಸುವ ಹಳೆಯ ಬ್ಯಾಟರಿ, ಕರೆಂಟ್ ತೆಗೆದು ಹೂಟರ್ ಹೊಡೆಸಿದ ಕೂಡಲೇ ಕುಸಿಯುವುದುಂಟು. ಆದ್ದರಿಂದ ಕರೆಂಟ್ ತೆಗೆದೇ ಪರೀಕ್ಷಿಸಬೇಕು.

ಕೊನೆಯದಾಗಿ ಆ ಟೇಪ್. ಹಳದಿ ದೀಪವೆಂದರೆ ತಂತಿ ಕಡಿದಿದೆ, ಡಿಟೆಕ್ಟರ್ ಬೇಸ್‌ನಿಂದ ಕಳಚಿದೆ, ಬ್ಯಾಟರಿ ಕೆಟ್ಟಿದೆ, ಇಂಥ ಯಾವುದೋ ಒಂದು. ಬಜರ್ ಮುಚ್ಚಿಟ್ಟ ಮೇಲೆ ಇಂದು ಹೊಸದಾಗಿ ಇನ್ನೊಂದು ದೋಷ ಬಂದರೂ ಕಾವಲಿಗೆ ಕುಳಿತವರಿಗೆ ತಿಳಿಯುವುದಿಲ್ಲ. ಇವತ್ತೇ ಟೇಪ್ ಕೀಳಿಸಿ, ಪ್ಯಾನಲ್‌ನ ದೋಷಪಟ್ಟಿಯನ್ನು ಓದಿಸಿ.

ಉತ್ತರ 2: ನಿವಾಸಿ, ಮೈಸೂರು

ಮೇಲಿನವರು ಎಲ್ಲವನ್ನೂ ವಿವರವಾಗಿ ಬರೆದಿದ್ದಾರೆ, ನನ್ನದೊಂದು ಅನುಭವ ಮಾತ್ರ ಸೇರಿಸುತ್ತೇನೆ. ಹೊಸ ಮನೆಯ ಇಂಟೀರಿಯರ್ ಕೆಲಸ ನಡೆಯುವಾಗ ಡಿಟೆಕ್ಟರ್‌ಗೆ ಧೂಳು ಹೋಗದಂತೆ ಪ್ಲಾಸ್ಟಿಕ್ ಮುಚ್ಚಳ ಹಾಕಿರುತ್ತಾರೆ. ನಮ್ಮ ಮನೆಯಲ್ಲಿ ಕೆಲಸ ಮುಗಿದು ಎರಡು ವರ್ಷವಾದರೂ ಅದು ಹಾಗೆಯೇ ಇತ್ತು. ಡಿಟೆಕ್ಟರ್‌ನ ಆಕಾರವೇ ಅದು ಎಂದುಕೊಂಡಿದ್ದೆವು. ಚಾವಣಿ ಒರೆಸಲು ಏಣಿ ಹತ್ತಿದ ದಿನ ಬಟ್ಟೆಗೆ ಸಿಕ್ಕಿ ಮುಚ್ಚಳ ಕೈಗೆ ಬಂತು. ಪಕ್ಕದ ಮನೆಯವರು ಫಾಲ್ಸ್ ಸೀಲಿಂಗ್ ಹಾಕಿಸಿದಾಗ ಡಿಟೆಕ್ಟರ್ ಅದರ ಮೇಲೆಯೇ ಉಳಿದುಬಿಟ್ಟಿತ್ತು. ಕೋಣೆಯ ಹೊಗೆ ಅದಕ್ಕೆ ತಲುಪುವ ದಾರಿಯೇ ಇರಲಿಲ್ಲ. ನಿಮ್ಮ 96 ಮನೆಗಳಲ್ಲಿ ಒಂದೊಂದಕ್ಕೂ ಹೋಗಿ ತಲೆಯೆತ್ತಿ ನೋಡುವುದು ಒಳ್ಳೆಯದು.

ಉತ್ತರ 3: ಎಲೆಕ್ಟ್ರಿಕಲ್ ಎಂಜಿನಿಯರ್, ಬೆಂಗಳೂರು

ಮನೆಗಳಷ್ಟೇ ಗಮನವನ್ನು ಎಲೆಕ್ಟ್ರಿಕಲ್ ಶಾಫ್ಟಿಗೂ ಕೊಡಿ. 2010ರ ಫೆಬ್ರುವರಿ 23ರಂದು ನಮ್ಮ ಊರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಜೀವ ಕಳೆದುಕೊಂಡರು. ಅಲ್ಲಿ ಬೆಂಕಿ ಎಲೆಕ್ಟ್ರಿಕಲ್ ಡಕ್ಟಿನಲ್ಲಿ ಶುರುವಾಗಿ, ಹೊಗೆ ಮೇಲಿನ ಮಹಡಿಗಳಿಗೆ ತುಂಬಿಕೊಂಡಿತ್ತು; ಉಸಿರುಕಟ್ಟಿ ಕೆಲವರು ಕಿಟಕಿಯಿಂದ ಹಾರಿದರು. ಪ್ರತಿ ಮಹಡಿಯಲ್ಲಿ ಕೇಬಲ್ ಹಾದುಹೋಗುವ ತೂತುಗಳನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚದಿದ್ದರೆ ಶಾಫ್ಟ್ ಹೊಗೆಕೊಳವೆಯಂತೆಯೇ ಕೆಲಸ ಮಾಡುತ್ತದೆ. ಇಂಟರ್ನೆಟ್ ಕೇಬಲ್ ಎಳೆಯಲು ಬಂದವರು ಆ ಮುಚ್ಚಿಗೆಯನ್ನು ಒಡೆದು ಹಾಗೆಯೇ ಬಿಟ್ಟು ಹೋಗುತ್ತಾರೆ. ನೀವು ಶಾಫ್ಟ್ ಬಾಗಿಲು ತೆರೆಸಿದಾಗ ಡಿಟೆಕ್ಟರ್ ಇದೆಯೇ, ತೂತು ಮುಚ್ಚಿದೆಯೇ, ಹಳೆಯ ಪೇಪರ್ ಕಟ್ಟು, ಪೊರಕೆ, ಪೇಂಟ್ ಡಬ್ಬಿ ತುಂಬಿದ್ದಾರೆಯೇ ಎಂಬ ಮೂರನ್ನೂ ಒಟ್ಟಿಗೆ ನೋಡಿ.

ಪ್ರಶ್ನೆ ಕೇಳಿದವರಿಂದ, ಹನ್ನೆರಡು ದಿನಗಳ ನಂತರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಟೇಪ್ ಅಂದೇ ಕಿತ್ತೆವು. ಎಎಂಸಿಯವರನ್ನು ಕರೆಸಿ ದೋಷಪಟ್ಟಿ ಓದಿಸಿದಾಗ ಏಳು ದೋಷಗಳು ಕಂಡವು. ಅವುಗಳಲ್ಲಿ ಒಂದು ಮೂರನೇ ಮಹಡಿಯ ಶಾಫ್ಟಿನದು. ಬಾಗಿಲು ತೆರೆಸಿದರೆ ಚಾವಣಿಯಲ್ಲಿ ಖಾಲಿ ಬೇಸ್ ಮಾತ್ರ ಇತ್ತು. ಡಿಟೆಕ್ಟರ್ ಕೆಳಗೆ ಕೇಬಲ್ ಟ್ರೇ ಮೇಲೆ, ಬೆರಳಿನಲ್ಲಿ ಗೆರೆ ಎಳೆಯುವಷ್ಟು ಧೂಳು ಹೊದ್ದುಕೊಂಡು ಬಿದ್ದಿತ್ತು. ಪ್ಯಾನಲ್‌ನ ಬ್ಯಾಟರಿಗಳ ಮೇಲೆ ಆರು ವರ್ಷ ಹಿಂದಿನ ದಿನಾಂಕವಿತ್ತು. ಕರೆಂಟ್ ತೆಗೆದು ಹೂಟರ್ ಹೊಡೆಸಿದಾಗ ಒಂದು ನಿಮಿಷವೂ ನಿಲ್ಲಲಿಲ್ಲ. ಬದಲಿಸಿದ್ದೇವೆ. ಇದುವರೆಗೆ ನೋಡಿದ 61 ಮನೆಗಳ ಪೈಕಿ 8 ಮನೆಗಳಲ್ಲಿ ಮುಚ್ಚಳ ತೆಗೆದಿರಲಿಲ್ಲ, 2 ಮನೆಗಳಲ್ಲಿ ಡಿಟೆಕ್ಟರ್ ಫಾಲ್ಸ್ ಸೀಲಿಂಗ್ ಮೇಲಿದೆ.

ಅಡುಗೆಮನೆಗಳಿಗೆ ಹೀಟ್ ಡಿಟೆಕ್ಟರ್ ಹಾಕಿಸಲು ಸಮಿತಿ ಒಪ್ಪಿದೆ. ಬಂದ್ ಮಾಡೋಣ ಎಂದಿದ್ದ ಸದಸ್ಯರೊಬ್ಬರೇ ಶಾಫ್ಟ್ ನೋಡಿದ ಮೇಲೆ ಉಳಿದ 35 ಮನೆಗಳನ್ನು ನೋಡುವ ಹೊಣೆ ಹೊತ್ತಿದ್ದಾರೆ. ಭಾನುವಾರ ಬೆಳಿಗ್ಗೆ 11 ಗಂಟೆಗೆ ಎಲ್ಲ ಹೂಟರ್‌ಗಳ ಪರೀಕ್ಷೆಯಿದೆ. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಕೂಗು ಕೇಳುತ್ತದೆಯೇ ಎಂದು ಪ್ರತಿ ಮನೆಯವರೂ ನೋಡಿ ಹೇಳಬೇಕೆಂದು ಲಿಫ್ಟಿನಲ್ಲಿ ನೋಟಿಸ್ ಅಂಟಿಸಿದ್ದೇವೆ. ಕೇಳಿಸದ ಮನೆಗಳಿದ್ದರೆ ಆ ಪಟ್ಟಿಯೊಂದಿಗೆ ಮತ್ತೆ ಇಲ್ಲಿ ಬರೆಯುತ್ತೇನೆ.