ಕಣ್ಣಿಲ್ಲದ ಕುಲಕ್ಕೆ ಇತಿಹಾಸ ಬರೆಯುವುದು ಹೇಗೆ?

ಪ್ರಶ್ನೆ: ದಂಬೆನೀರು (ಪೆರ್ಲ)

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ನಾನು ಕನ್ನಡದಲ್ಲಿ ಐದು ಸಂಪುಟಗಳ ಒಂದು ಫ್ಯಾಂಟಸಿ ಮಾಲಿಕೆಯನ್ನು ಬರೆಯುತ್ತಿದ್ದೇನೆ. ಕಥೆ ನಡೆಯುವುದು ಬೇರೊಂದು ಗ್ರಹದಲ್ಲಿ. ಅಲ್ಲಿ ಮನುಷ್ಯರಿಲ್ಲ, ಮೂರು ಕುಲಗಳ ಜೀವಿಗಳಿವೆ. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಗುಡ್ಡದ ಒಡಲಿಗೆ ಅಡ್ಡ ಸುರಂಗಗಳನ್ನು ಕೊರೆದು, ಒಸರುವ ನೀರಿನ ಬದಿಯಲ್ಲೇ ಬಾಳುವ ಕಣ್ಣಿಲ್ಲದ ಕುಲ. ಈ ಕಲ್ಪನೆ ಎಲ್ಲಿಂದ ಬಂತೆಂದು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಮನೆಯ ಹಿಂದಿನ ಮುರಕಲ್ಲಿನ ಗುಡ್ಡದಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಅಜ್ಜನ ಕಾಲದ ಸುರಂಗವೊಂದಿದೆ. ಅದರೊಳಗೆ ಹೋಗುವವರು ಮೊಂಬತ್ತಿ ಹಚ್ಚಿಕೊಂಡು ಹೋಗುತ್ತಿದ್ದರು. ಅದು ನಂದಿತೆಂದರೆ ಉಸಿರಾಟಕ್ಕೆ ಗಾಳಿ ಸಾಲದೆಂದು ತಿಳಿದು ಹಿಂದೆ ಬರುತ್ತಿದ್ದರು. ಅಡಿಕೆ ಮರದ ದಂಬೆಯಲ್ಲಿ, ಅಂದರೆ ಟೊಳ್ಳು ಮಾಡಿದ ಕಾಂಡದಲ್ಲಿ, ಹರಿದು ಬಂದು ಮದಕವೆಂಬ ಕೆರೆಗೆ ಬೀಳುವ ಆ ನೀರಿನ ಸದ್ದನ್ನು ಕೇಳುತ್ತಲೇ ನಾನು ನಿದ್ದೆಹೋಗುತ್ತಿದ್ದೆ.

ಮೊದಲ ಸಂಪುಟವನ್ನು ಓದಿದ ಮಿತ್ರರೊಬ್ಬರು, ‘ಇವರು ಕಣ್ಣು ಮುಚ್ಚಿಕೊಂಡ ನಮ್ಮೂರಿನವರೇ ಹೊರತು ಬೇರೆ ಜೀವಿಗಳಲ್ಲ’ ಎಂದರು. ಆ ಮಾತು ನನ್ನನ್ನು ಬಹಳ ಕಾಡಿದೆ. ಈ ಕುಲದ 4000 ವರ್ಷಗಳ ಇತಿಹಾಸವನ್ನು ಅರಸರು, ಯುದ್ಧಗಳು, ವಲಸೆಗಳು ಎಂದು 120 ಪುಟಗಳಲ್ಲಿ ಅನುಕ್ರಮವಾಗಿ ಬರೆದಿಟ್ಟುಕೊಂಡಿದ್ದೇನೆ. ಆದರೂ ಕಥೆಯೊಳಗೆ ಅದು ಬೆರೆಯುತ್ತಿಲ್ಲ. ದೇಹವನ್ನು ಮೊದಲು ಕಲ್ಪಿಸಬೇಕೋ, ಇತಿಹಾಸವನ್ನೋ? ಬರೆದ ಇತಿಹಾಸದಲ್ಲಿ ಎಷ್ಟನ್ನು ಓದುಗರ ಮುಂದಿಡಬೇಕು?

ಉತ್ತರ: ನಿವೃತ್ತ ಮಾಸ್ತರ (ಮಂಜೇಶ್ವರ)

ತಮ್ಮ ಮಿತ್ರರು ರೋಗವನ್ನು ಸರಿಯಾಗಿಯೇ ಗುರುತಿಸಿದ್ದಾರೆ. ಅದಕ್ಕೆ ಮದ್ದು ಇರುವುದು ದೇಹದಲ್ಲಿ. ಪ್ರೌಢಶಾಲೆಯಲ್ಲಿ ಬಹುಕಾಲ ಜೀವಶಾಸ್ತ್ರವನ್ನು ಕಲಿಸಿದವನಾದ್ದರಿಂದ ಒಂದು ಉದಾಹರಣೆ ಕೊಡುತ್ತೇನೆ. ಆಕ್ಟೋಪಸ್‌ಗೆ ಮೂರು ಹೃದಯಗಳಿವೆ. ತಾಮ್ರವಿರುವ ಹಿಮೋಸಯನಿನ್‌ನಿಂದಾಗಿ ಅದರ ರಕ್ತ ನೀಲಿ. ಅದರ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೇ ಎರಡು ಪಾಲು ಇರುವುದು ತೋಳುಗಳಲ್ಲಿ. ಇಷ್ಟು ಕೇಳಿದ ಕೂಡಲೇ ಲೇಖಕರು ನೀಲಿ ರಕ್ತವನ್ನು ಎತ್ತಿಕೊಳ್ಳುತ್ತಾರೆ. ನನಗಾದರೋ ಬೇರೊಂದು ಸಂಗತಿ ಹೆಚ್ಚು ಮುಖ್ಯವೆನಿಸುತ್ತದೆ. ತಾಯಿ ಆಕ್ಟೋಪಸ್ ಆಹಾರವನ್ನೇ ಬಿಟ್ಟು ಮೊಟ್ಟೆಗಳನ್ನು ಕಾಯುತ್ತದೆ, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ. ಆ ಮರಿಗಳಿಗೆ ಅಜ್ಜಿಯಿಲ್ಲ, ಅಮ್ಮನಿಲ್ಲ, ಹಿಂದಿನದನ್ನು ಹೇಳಿಕೊಡುವ ಒಂದು ಬಾಯಿಯೂ ಇಲ್ಲ. ಎಷ್ಟೇ ಬುದ್ಧಿಯಿದ್ದರೂ ಹೀಗೆ ಹುಟ್ಟಿ ಸಾಯುವ ಕುಲವೊಂದರಲ್ಲಿ 4000 ವರ್ಷಗಳ ಅರಸರ ಪಟ್ಟಿ ಯಾರ ನೆನಪಿನಲ್ಲಿ ಉಳಿದೀತು? ಇತಿಹಾಸದ ಮೊದಲು ದೇಹ ಎಂದು ನಾನು ಹೇಳುವುದು ಈ ಕಾರಣಕ್ಕೆ.

ನಿಮ್ಮ ಕುಲಕ್ಕೆ ಬರೋಣ. ಸುರಂಗದೊಳಗಿನ ಸಣ್ಣ ಬಾವಲಿಗಳು ತಾವೇ ಹೊರಡಿಸಿದ ಸದ್ದಿನ ಮರುದನಿಯಿಂದ ದೂರವನ್ನೂ ಆಕಾರವನ್ನೂ ಅರಿಯುತ್ತವೆ; ಬಣ್ಣ ಮಾತ್ರ ಹಾಗೆ ತಿಳಿಯುವಂಥದ್ದಲ್ಲ. ನಿಮ್ಮವರೂ ಹಾಗೆಯೇ ಆಗಿದ್ದರೆ ಅವರಿಗೆ ಧ್ವಜವಿರಲಾರದು, ಬಣ್ಣದ ಕಿರೀಟವಿರಲಾರದು, ಬರಹವೆಲ್ಲ ಕೊರೆದದ್ದೇ ಆಗಿರಬೇಕು. ಅದಕ್ಕಿಂತಲೂ ದೊಡ್ಡ ತೊಡಕು ನಮ್ಮ ಭಾಷೆಯಲ್ಲಿದೆ. ಕನ್ನಡದಲ್ಲಿ ನಾವು ‘ತಿಂದು ನೋಡು’, ‘ಕೇಳಿ ನೋಡು’, ‘ಮುಟ್ಟಿ ನೋಡು’ ಎನ್ನುತ್ತೇವೆ. ಮಳೆ ಬರುವುದನ್ನು ಊಹಿಸುವಾಗಲೂ ‘ಬರುತ್ತದೆಂದು ಕಾಣುತ್ತದೆ’ ಎನ್ನುತ್ತೇವೆ. ನಮ್ಮ ಅರ್ಧ ಅನುಭವ ಕಣ್ಣಿನ ಕ್ರಿಯಾಪದಗಳ ಮೇಲೆ ನಿಂತಿದೆ. ಕಣ್ಣಿಲ್ಲದವರ ಬಾಯಿಯಲ್ಲಿ ಈ ಮಾತುಗಳು ಬಂದ ಕ್ಷಣವೇ ಅವರು ನಮ್ಮೂರಿನವರಾಗಿಬಿಡುತ್ತಾರೆ. ಒಂದು ಅಧ್ಯಾಯವನ್ನು ತೆಗೆದುಕೊಂಡು ಅಂಥ ಪ್ರತಿಯೊಂದು ಪದದ ಕೆಳಗೂ ಗೆರೆ ಹಾಕಿರಿ.

ಉತ್ತರ: ಚಂದ್ರಗಿರಿ ಬಡಗು (ಕುಂಬಳೆ)

ಮಾಸ್ತರರು ದೇಹದ ವಿಷಯವನ್ನು ಹೇಳಿಯಾಯಿತು. ನಾನು ಇತಿಹಾಸದ ಬಗ್ಗೆ ಬರೆಯುತ್ತೇನೆ. ನಿಮ್ಮ 120 ಪುಟಗಳನ್ನು ಬರೆದವರು ಯಾರು? ಲೇಖಕರಾದ ನೀವಲ್ಲ, ಆ ಲೋಕದೊಳಗೆ ಯಾರು? ಇದಕ್ಕೆ ಉತ್ತರವಿಲ್ಲದಿದ್ದರೆ ಅದು ಆ ಕುಲದ ಇತಿಹಾಸವಾಗದೆ ನಿಮ್ಮ ಟಿಪ್ಪಣಿಯಾಗಿಯೇ ಉಳಿಯುತ್ತದೆ.

ನಾವು ಬದುಕುತ್ತಿರುವ ನೆಲವನ್ನೇ ಗಮನಿಸಿರಿ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಜಾರಿಗೆ ಬರಲಿಲ್ಲ. ಕಾಗದದ ಮೇಲೆ ಇದು ನಾಲ್ಕು ಸಾಲು. ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿರುವ ಅಜ್ಜನ ಜಾಗದ ದಾಖಲೆ ಕನ್ನಡದಲ್ಲಿದೆ. ಅದರ ಮೇಲೆಯೇ ಮಡಚಿಟ್ಟಿರುವ ತಂದೆಯವರ ತೀರುವೆ (ಭೂಕಂದಾಯ) ರಶೀದಿ ಮಲಯಾಳದಲ್ಲಿದೆ. ಒಂದೇ ತೋಟ, ಅದೇ ತೋಡು. ಅಜ್ಜ ತೀರಿಹೋಗುವವರೆಗೂ ಹೊಸ ಕಾಗದವನ್ನು ಬೇರೆಯವರಿಂದ ಓದಿಸಿ ಕೇಳಬೇಕಾಗಿತ್ತು. ಇದೇ ಸಂಗತಿ ಹೊಳೆಯ ತೆಂಕಣ ದಡದವರ ನೆನಪಿನಲ್ಲಿ ತಮ್ಮ ಭಾಷೆಯವರೆಲ್ಲ ಒಂದಾದ ದಿನವಾಗಿ ಉಳಿದಿದೆ, ಅದೂ ಸುಳ್ಳಲ್ಲ. ನಿಮ್ಮ ಕುಲದ ಯಾವುದೇ ಮಹಾಘಟನೆಗೆ ಕನಿಷ್ಠ ಎರಡು ದಡಗಳಿರಲಿ; ಒಂದೇ ಕುಲವೆಂದ ಮಾತ್ರಕ್ಕೆ ಅವರೆಲ್ಲರಿಗೂ ಒಂದೇ ಭಾಷೆ, ಒಂದೇ ಸ್ವಭಾವ ಇರಬೇಕಾಗಿಲ್ಲ.

ಇನ್ನೊಂದು ವಿಷಯವಿದೆ. ಇತಿಹಾಸವನ್ನು ವರ್ಷದ ಲೆಕ್ಕದಲ್ಲೇ ಹೇಳಬೇಕೆಂದಿಲ್ಲ. ದೈವಗಳ ಕಥೆಯನ್ನು ಹಾಡುವ ಪಾಡ್ದನವನ್ನು ಕೇಳಿದವರಿಗೆ ಗೊತ್ತು, ಅಲ್ಲಿ ಇಸವಿಯಿಲ್ಲ, ದಾರಿಯಿದೆ: ದೈವ ಯಾವ ಗುಡ್ಡದಿಂದ ಇಳಿಯಿತು, ಯಾವ ಹೊಳೆ ದಾಟಿತು, ಯಾರ ಮನೆಯಲ್ಲಿ ನೆಲೆಯಾಯಿತು ಎಂಬ ಕ್ರಮದಲ್ಲಿ ಕಾಲವೆಲ್ಲ ಜೋಡಣೆಯಾಗುತ್ತದೆ. ಸುರಂಗ ಕೊರೆಯುವವರಿಗೆ ಈ ಕ್ರಮವೇ ಹೊಂದುತ್ತದೆ. ಅವರ ಪುರಾಣವನ್ನು ಕೈಯಿಂದ ಗೋಡೆ ಸವರುತ್ತ, ನಡೆದೇ ಹೇಳಬೇಕಾಗಬಹುದು.

ಉತ್ತರ: ಕಡೆಗೋಲು (ನೀರ್ಚಾಲು)

ಮೇಲಿನ ಇಬ್ಬರಲ್ಲೂ ನನಗೆ ಗೌರವವಿದೆ. ಆದರೆ ಇನ್ನಷ್ಟು ಸಿದ್ಧತೆ ಮಾಡಿಕೊಳ್ಳಿ ಎಂಬ ಸಲಹೆ ಈ ಲೇಖಕರಿಗೆ ಬೇಡವೆಂದು ನನ್ನ ಅಭಿಪ್ರಾಯ. ಮೂರು ವರ್ಷ ಸಿದ್ಧತೆಯಾಗಿದೆ. ಇವತ್ತಿನ ದೃಶ್ಯದಲ್ಲಿ ಗುರುತು ಉಳಿಸಿದ ಇತಿಹಾಸ ಸಾಕು. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂದು ಈಗ ಯಾರೂ ಧಾನ್ಯವನ್ನು ಅಳೆಯುವುದಿಲ್ಲ. ಆದರೂ ನಮ್ಮ ಅತ್ತೆ ಈಗಲೂ ‘ಒಂದು ಮುಡಿ ಬಿತ್ತುವ ಗದ್ದೆ’ ಎಂದೇ ಹೇಳುತ್ತಾರೆ. ಭತ್ತವೂ ಹೋಯಿತು, ಮುಡಿ ಕಟ್ಟುವವರೂ ಹೋದರು, ಮಾತು ಮಾತ್ರ ಉಳಿದಿದೆ. ಅಂಥ ಒಂದು ಮಾತು ಹತ್ತು ಪುಟದ ವಂಶಾವಳಿಗಿಂತ ಹೆಚ್ಚನ್ನು ಹೇಳುತ್ತದೆ.

ನೀವು ಕೇಳದಿದ್ದರೂ ಒಂದು ಸಂಗತಿ ಹೇಳಬೇಕು. ಕನ್ನಡದ ಕ್ರಿಯಾಪದ ಬಂದನು, ಬಂದಳು, ಬಂದಿತು ಎಂದು ಲಿಂಗವನ್ನು ಕೇಳುತ್ತದೆ. ಆ ಜೀವಿಗಳಿಗೆ ಗಂಡು-ಹೆಣ್ಣೆಂಬ ಭೇದ ನಮ್ಮಂತೆಯೇ ಇದೆಯೇ? ಕ್ಲೌನ್ ಮೀನುಗಳ ಗುಂಪಿನಲ್ಲಿ ಹಿರಿಯ ಹೆಣ್ಣು ಸತ್ತರೆ ಅದರ ಜೊತೆಯ ಗಂಡೇ ಹೆಣ್ಣಾಗುತ್ತದೆ. ಹಾಗಿದ್ದರೆ ಒಂದೇ ಪಾತ್ರಕ್ಕೆ ಎರಡು ಸರ್ವನಾಮ ಬೇಕಾದೀತು. ನಮ್ಮ ಹವ್ಯಕ ಮನೆಮಾತಿನಲ್ಲಿ ಮಗಳ ಬಗ್ಗೆಯೂ ‘ಅದು ಬಂತು’ ಎಂದೇ ಹೇಳುವುದು. ಅದರಲ್ಲಿ ಪ್ರೀತಿಯಿದೆಯೇ ಹೊರತು ಕೀಳುಭಾವವಿಲ್ಲ. ಇಡೀ ಕುಲಕ್ಕೆ ಆ ‘ಅದು’ವನ್ನೇ ಧೈರ್ಯವಾಗಿ ಬಳಸಬಹುದು.

ಪ್ರಶ್ನೆ ಕೇಳಿದವರ ಮರುಮಾತು: ದಂಬೆನೀರು (ಪೆರ್ಲ)

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ಮೊದಲ ಅಧ್ಯಾಯದಲ್ಲಿ ಗೆರೆ ಹಾಕಲು ಕುಳಿತೆ, ಮಾಸ್ತರರೇ. ಹದಿನಾಲ್ಕು ಪುಟಗಳಲ್ಲಿ ಕಣ್ಣಿನ ಪದಗಳು 63 ಸಿಕ್ಕಿದವು. ಅರಸರ ಯುದ್ಧವನ್ನು ಕೈಬಿಟ್ಟಿದ್ದೇನೆ. ನಮ್ಮ ಗುಡ್ಡದ ಮೇಲ್ಭಾಗದಲ್ಲಿ ಕೊಳವೆಬಾವಿ ಕೊರೆದ ವರ್ಷದಿಂದ ನಮ್ಮ ಸುರಂಗದ ನೀರು ಸಣ್ಣದಾಗುತ್ತ ಬಂದದ್ದು ನೆನಪಾಯಿತು. ಕಥೆಯಲ್ಲೂ ಸುರಂಗದ ಮೇಲಿನ ಕವಲಿನವರು ಆಳಕ್ಕೆ ಕೊರೆದಾಗ ಕೆಳಗಿನ ಕವಲು ಬತ್ತುವುದೇ ಈಗ ಕಲಹದ ಮೂಲ. ಮೇಲಿನವರ ಹಾಡಿನಲ್ಲಿ ಅದು ನೀರು ಸಿಕ್ಕಿದ ಹಬ್ಬ. ಹೊಸದಾಗಿ ಬರೆದ ಸಾಲುಗಳು ಇವು:

‘ಮೇಲಿನವು ಕೊರೆದ ಮೇಲೆ ನಮ್ಮ ದಂಬೆಯ ದನಿ ಇಳಿಯಿತು. ಮೊದಲು ಉಸಿರಿಗೆ ಏಳು ಹನಿ, ಆಮೇಲೆ ಐದು. ಮೂರಕ್ಕೆ ಇಳಿದಾಗ ಹಿರಿದು ಎದ್ದು ಬಂತು, ಕತ್ತಲೆಯಲ್ಲಿ ಗೋಡೆ ಸವರುತ್ತ ಬಾಯಿ ತನಕ ನಡೆಯಿತು, ದಾರಿಯುದ್ದಕ್ಕೂ ಹೆಸರುಗಳನ್ನು ಹೇಳಿತು.’

ಉತ್ತರ: ನಿವೃತ್ತ ಮಾಸ್ತರ (ಮಂಜೇಶ್ವರ)

ಬಹಳ ಸಂತೋಷವಾಯಿತು. ‘ಕತ್ತಲೆಯಲ್ಲಿ’ ಎಂಬುದನ್ನು ತೆಗೆಯಿರಿ. ಬೆಳಕನ್ನೇ ಅರಿಯದವರಿಗೆ ಕತ್ತಲೆಯೂ ಇಲ್ಲ. ಆ ಹೆಸರುಗಳು ಯಾರವೆಂದು ಮುಂದಿನ ಅಧ್ಯಾಯದಲ್ಲಿ ಬರೆಯುವಿರಾದರೆ ಇಲ್ಲಿಯೇ ಹಾಕಿರಿ, ಓದುತ್ತೇನೆ.