ಗ್ರೆನಡಾದಲ್ಲಿ ಹಾಯಿದೋಣಿ ಮೇಲೆ ವಾಸ: ಚಂಡಮಾರುತದ ತಿಂಗಳುಗಳಿಗೆ ತಯಾರಿ ಹೇಗೆ?

ಪ್ರಶ್ನೆ: ತೆಂಕಣಗಾಳಿ
ನಮಸ್ಕಾರ. 38 ಅಡಿಯ ಮೊನೊಹಲ್ (ಒಂದೇ ಒಡಲಿನ) ಹಾಯಿದೋಣಿ, ಇಬ್ಬರೂ ಅದರಲ್ಲೇ ವಾಸ. ಜೂನ್‌ನಿಂದ ನವೆಂಬರ್ ಮುಗಿಯುವವರೆಗೆ ಕೆರಿಬಿಯನ್ ದ್ವೀಪ ಗ್ರೆನಡಾದ ದಕ್ಷಿಣದ ಕೊಲ್ಲಿಗಳಲ್ಲೇ ಇರೋಣ ಅಂತಿದ್ದೇವೆ. 25 ಕೆ.ಜಿ. ಲಂಗರು, 10 ಮಿ.ಮೀ. ಚೈನ್ 60 ಮೀಟರ್ ಇದೆ. ಇಷ್ಟು ದಕ್ಷಿಣಕ್ಕೆ ಚಂಡಮಾರುತ ಬರೋದೇ ಇಲ್ಲ ಅಂತ ಕೆಲವರು ಹೇಳ್ತಾರೆ. ಬಂದರೆ ಲಂಗರು ಹಾಕಿ ತಡೆದುಕೊಳ್ಳಬೇಕೇ, ಟ್ರಿನಿಡಾಡ್‌ಗೆ ಹೋಗಬೇಕೇ, ಯಾರ್ಡ್‌ನಲ್ಲಿ (ದಡದ ದೋಣಿ ಅಂಗಳದಲ್ಲಿ) ನೀರಿನಿಂದ ಮೇಲೆ ಎತ್ತಿಸಬೇಕೇ? ಯಾವ ಹೊತ್ತಿಗೆ ನಿರ್ಧರಿಸಬೇಕು?

ಉತ್ತರ: ಉಬ್ಬರವಿಳಿತ
ಬರೋದಿಲ್ಲ ಅನ್ನೋದನ್ನು ದಯವಿಟ್ಟು ನಂಬಬೇಡಿ. 2004ರ ಸೆಪ್ಟೆಂಬರ್ 7ರಂದು ಐವನ್ ಚಂಡಮಾರುತ ಗ್ರೆನಡಾದ ದಕ್ಷಿಣಕ್ಕೆ ತಾಗಿಕೊಂಡೇ ಹಾದುಹೋಯಿತು. 2024ರ ಜುಲೈ 1ರಂದು ಬೆರಿಲ್ ಕೆಟಗರಿ 4ರ (ಐದರ ಮಾಪಕದಲ್ಲಿ) ಬಲದಲ್ಲಿ ಗ್ರೆನಡಾಕ್ಕೇ ಸೇರಿದ, ಅದರ ಉತ್ತರದ ಕರಿಯಕು ದ್ವೀಪಕ್ಕೆ ಅಪ್ಪಳಿಸಿತು. ಅಲ್ಲಿನ ಟಿರೆಲ್ ಬೇಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಟ್ಟಿಟ್ಟ ದೋಣಿಗಳೂ ಒಂದರ ಮೇಲೊಂದು ಬಿದ್ದು ಹಾಳಾದವು.

ಅಕ್ಷಾಂಶಕ್ಕಿಂತ, ಚಂಡಮಾರುತದ ಕಣ್ಣು (ನಡುಭಾಗ) ನಿಮ್ಮ ಯಾವ ಮಗ್ಗುಲಲ್ಲಿ ಹಾಯುತ್ತದೆ ಅನ್ನೋದನ್ನು ನೋಡಿ. ಇಲ್ಲಿ ಚಂಡಮಾರುತ ಪಶ್ಚಿಮಕ್ಕೆ ಸಾಗುತ್ತದೆ. ಅದರ ಉತ್ತರ ಮಗ್ಗುಲಲ್ಲಿ ಸುತ್ತುವ ಗಾಳಿಗೆ ಸಾಗುವ ವೇಗವೂ ಸೇರುತ್ತದೆ, ದಕ್ಷಿಣ ಮಗ್ಗುಲಲ್ಲಿ ಅಷ್ಟು ಕಳೆಯುತ್ತದೆ. ಐವನ್ ದಕ್ಷಿಣದಲ್ಲಿ ಹಾದದ್ದರಿಂದ ಗ್ರೆನಡಾಕ್ಕೆ ಬಿರುಸಿನ ಮಗ್ಗುಲೇ ಸಿಕ್ಕಿತು. ಬೆರಿಲ್ ಉತ್ತರದಲ್ಲಿ ಹಾದದ್ದರಿಂದ ದಕ್ಷಿಣದ ಕೊಲ್ಲಿಗಳು ಬಹುಮಟ್ಟಿಗೆ ಪಾರಾದವು. ಇನ್ನೊಂದು ವಿಷಯ: ಕಣ್ಣು ಉತ್ತರದಲ್ಲಿ ಹಾದರೆ ಗಾಳಿ ಉತ್ತರದಿಂದ ಶುರುವಾಗಿ ಪಶ್ಚಿಮ, ನೈಋತ್ಯ, ಕೊನೆಗೆ ದಕ್ಷಿಣಕ್ಕೆ ತಿರುಗುತ್ತದೆ. ದಕ್ಷಿಣಕ್ಕೆ ಬಾಯಿ ತೆರೆದ ಕೊಲ್ಲಿಯಲ್ಲಿ ಆಗ ಅಲೆ ನೇರ ಒಳಗೆ ನುಗ್ಗುತ್ತದೆ. ಜಾಗ ಆರಿಸುವಾಗ ಎರಡೂ ಸಾಧ್ಯತೆಯನ್ನು ಚಾರ್ಟ್ ಮೇಲೆ ಗುರುತು ಹಾಕಿ ನೋಡಿ.

ಹೊತ್ತಿನ ಲೆಕ್ಕ: ಬೆರಿಲ್ ಜೂನ್ 28ಕ್ಕೆ ಬರೀ ಡಿಪ್ರೆಶನ್ (ವಾಯುಭಾರ ಕುಸಿತ). 29ಕ್ಕೆ ಚಂಡಮಾರುತ, 30ಕ್ಕೆ ಕೆಟಗರಿ 4, ಮರುದಿನ ಬೆಳಗ್ಗೆ ಕರಿಯಕು ಮೇಲೆ. ಅಮೆರಿಕದ ರಾಷ್ಟ್ರೀಯ ಚಂಡಮಾರುತ ಕೇಂದ್ರ ಆರು ಗಂಟೆಗೊಮ್ಮೆ ಪೂರ್ಣ ಮುನ್ಸೂಚನೆ ಕೊಡುತ್ತದೆ. ಅದರ ಪಥದ ಚಿತ್ರಕ್ಕೆ ಈ ನಿಯಮ ಹಚ್ಚಿ: 34 ನಾಟ್ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಗಾಳಿ ಕೇಂದ್ರದಿಂದ ಎಷ್ಟು ದೂರ ಹರಡಿದೆಯೋ ಆ ವ್ಯಾಪ್ತಿಗೆ 24 ಗಂಟೆ ಮುಂದಿನ ಸ್ಥಾನದಲ್ಲಿ 100 ನಾಟಿಕಲ್ ಮೈಲಿ ಸೇರಿಸಿ, 48ಕ್ಕೆ 200, 72ಕ್ಕೆ 300. ಆ ವೃತ್ತದೊಳಗೆ ನೀವಿದ್ದರೆ ಅವತ್ತೇ ಹೊರಡಿ. ಟ್ರಿನಿಡಾಡ್‌ನ ಚಾಗ್ವರಾಮಸ್ ಸುಮಾರು 80 ನಾಟಿಕಲ್ ಮೈಲಿ, 5 ನಾಟ್ ವೇಗದಲ್ಲಿ 16 ಗಂಟೆ. ಅಧಿಕೃತ ‘ವಾಚ್’ (ಚಂಡಮಾರುತ ಬರಬಹುದೆಂಬ ಮುನ್ನೆಚ್ಚರಿಕೆ) ಹೊರಡಿಸೋದು ಬಿರುಗಾಳಿ ಮುಟ್ಟುವ ಅಂದಾಜು 48 ಗಂಟೆ ಮೊದಲು. ಅದಕ್ಕಾಗಿ ಕಾದರೆ ಎಲ್ಲರೂ ಒಟ್ಟಿಗೆ ಹೊರಟಿರುತ್ತಾರೆ. ಕ್ಲಿಯರೆನ್ಸ್ (ದೇಶ ಬಿಡುವ ಅನುಮತಿ) ಕಾಗದ, ವೀಸಾ ನಿಯಮ, ಪೂರ್ತಿ ಡೀಸೆಲ್ ಇವೆಲ್ಲ ಜೂನ್‌ನಲ್ಲೇ ಸಿದ್ಧವಿರಲಿ.

ಉತ್ತರ: ಹುರಿಹಗ್ಗ
ಹೋಗಲು ಆಗದೇ ಉಳಿದರೆ ಏನು ಅಂತ ಬರೀತೀನಿ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. 35 ನಾಟ್‌ನಲ್ಲಿ ಹಿಡಿದ ಲಂಗರು 70ರಲ್ಲೂ ಹಿಡಿಯುತ್ತೆ ಅಂದುಕೊಳ್ಳಬೇಡಿ.

ನಿಮ್ಮ 60 ಮೀಟರ್ ಸಾಲದು. ನೀರಿನ ಆಳ 6, ಮೂತಿಯ (ದೋಣಿಯ ಮುಂತುದಿಯ) ಎತ್ತರ 1.5, ಕಡಲುಬ್ಬರಕ್ಕೆ 1.5, ಒಟ್ಟು 9 ಮೀಟರ್. ಬಿರುಗಾಳಿಗೆ ಅದರ ಹತ್ತು ಪಟ್ಟು ಉದ್ದ ಬಿಡಬೇಕು, ಅಂದರೆ 90. ಚೈನ್ ಪೂರ್ತಿ ಬಿಟ್ಟು, ಅದರ ತುದಿಗೆ 20 ಮಿ.ಮೀ. ನೈಲಾನ್ ಹಗ್ಗ 40 ಮೀಟರ್ ಸೇರಿಸಿ. ಆದರೆ 90 ಮೀಟರ್ ಬಿಟ್ಟರೆ ದೋಣಿ ಅಷ್ಟೇ ದೊಡ್ಡ ವೃತ್ತದಲ್ಲಿ ಸುತ್ತುತ್ತದೆ. ತುಂಬಿದ ಕೊಲ್ಲಿಯಲ್ಲಿ ಅಷ್ಟು ಜಾಗ ಎಲ್ಲಿ? ನಿಮ್ಮ ಲಂಗರು ಹಿಡಿದರೂ ಪಕ್ಕದವರದು ಕಿತ್ತು ನಿಮ್ಮ ಮೇಲೆ ಬರುತ್ತದೆ.

ಹೆಚ್ಚಿನ ದೋಣಿಗಳು ಹೋಗೋದು ಹಗ್ಗ ಸವೆದು. ನೈಲಾನ್ ಹಿಗ್ಗಿ ಕುಗ್ಗಿ ಆಘಾತ ಹೀರುತ್ತದೆ, ಅದಕ್ಕೇ ಅದು ಬೇಕು. ಆದರೆ ಮೂತಿಯ ಚಾಕ್‌ನಲ್ಲಿ (ಹಗ್ಗ ಹಾದು ಹೊರಹೋಗುವ ಕೊಂಡಿಯಲ್ಲಿ) ಹಾಗೇ ಹಿಗ್ಗಿ ಕುಗ್ಗುತ್ತ ಉಜ್ಜಿದರೆ ಎಳೆಗಳು ಒಳಗಿಂದಲೇ ಕಾದು ಕರಗುತ್ತವೆ. ಪ್ಲಾಸ್ಟಿಕ್ ನಳಿಗೆ ಹಾಕಿದರೆ ಇನ್ನೂ ಕೆಟ್ಟದ್ದು, ಮಳೆನೀರು ತಾಗದೆ ಶಾಖ ಒಳಗೇ ಉಳಿಯುತ್ತದೆ. ಚಾಕ್ ದಾಟುವ ಒಂದೆರಡು ಮೀಟರ್ ತುಂಡು ಪಾಲಿಯೆಸ್ಟರ್ ಇರಲಿ, ಅದರಾಚೆ ನೈಲಾನ್. ಮೇಲೆ ಅಗ್ನಿಶಾಮಕದವರ ಹಳೇ ಬಟ್ಟೆಯ ಹೋಸ್ ಸುತ್ತಿ, ಎರಡೂ ತುದಿಗೆ ತೂತು ಮಾಡಿ ಹಗ್ಗಕ್ಕೇ ಬಿಗಿಯಿರಿ. ಭಾರ ವಿಂಡ್‌ಲಾಸ್ (ಲಂಗರು ಎತ್ತುವ ಯಂತ್ರ) ಮೇಲೆ ಬೀಳಕೂಡದು, ಕ್ಲೀಟ್ (ಹಗ್ಗ ಕಟ್ಟುವ ಗೂಟ) ಮೇಲೆ ಬೀಳಲಿ. ಕ್ಲೀಟ್ ಅಡಿಯಲ್ಲಿ ಬ್ಯಾಕಿಂಗ್ ಪ್ಲೇಟ್ (ಭಾರ ಹಂಚುವ ಗಟ್ಟಿ ತಟ್ಟೆ) ಇದೆಯಾ ಅಂತ ಇವತ್ತೇ ನೋಡಿ.

ಮುಂದಿನ ಹಾಯಿಯನ್ನು ಸುತ್ತಿ ಕಟ್ಟಿದರೆ ಸಾಲದು, ಪೂರ್ತಿ ಇಳಿಸಿ. ಒಂದು ಮೂಲೆ ಬಿಚ್ಚಿಕೊಂಡರೆ ಇಡೀ ಹಾಯಿ ಹರಡಿ ದೋಣಿಯನ್ನು ಅತ್ತಿಂದಿತ್ತ ಎಳೆದಾಡುತ್ತದೆ. ಗಾಳಿ 15 ನಾಟ್ ದಾಟಿದರೆ ಇಳಿಸೋದೂ ಕಷ್ಟ, ಹಾಗಾಗಿ ಮೊದಲ ಕೆಲಸ ಅದೇ. ಬಿಮಿನಿ, ಡಾಡ್ಜರ್ (ಬಿಸಿಲು, ನೀರೆರಚಲು ತಡೆಯುವ ಬಟ್ಟೆ ಹೊದಿಕೆಗಳು), ಸೋಲಾರ್ ಪ್ಯಾನೆಲ್, ಗಾಳಿ ತೆಗೆದ ಡಿಂಗಿ (ಸಣ್ಣ ರಬ್ಬರ್ ದೋಣಿ), ಎಲ್ಲವೂ ಒಳಗೆ.

ತೆಂಕಣಗಾಳಿ
ತುಂಬಾ ಉಪಕಾರವಾಯ್ತು ಸರ್. ಯಾರ್ಡ್ ಬಗ್ಗೆ? ಗಾಳಿ ಬಂದಾಗ ದೋಣಿಯಲ್ಲೇ ಇದ್ದು ಪಂಪ್, ಹಗ್ಗ ನೋಡಿಕೊಳ್ಳುವುದು ಸರಿಯೇ?

ಉತ್ತರ: ಕಡಲಂಚು
ದೋಣಿಯಲ್ಲಿ ಉಳಿಯಬೇಡಿ. 100 ನಾಟ್ ಗಾಳಿಯಲ್ಲಿ ಡೆಕ್ ಮೇಲೆ ತೆವಳಲೂ ಆಗದು. ಹಗ್ಗ ಸವೆಯೋದು ಕಂಡರೂ ಮೂತಿ ತಲುಪಿ ಬದಲಿಸಲಾರಿರಿ. ಕಾಗದಪತ್ರ, ಔಷಧಿ ತೆಗೆದುಕೊಂಡು ಹಿಂದಿನ ದಿನವೇ ದಡದ ಗಟ್ಟಿ ಕಟ್ಟಡ ಸೇರಿ.

ಯಾರ್ಡ್‌ನಲ್ಲಿ ಎತ್ತಿಸುವುದಾದರೆ ಮುನ್ಸೂಚನೆ ಬಂದಮೇಲೆ ಜಾಗ ಸಿಗಲ್ಲ, ಚಂಡಮಾರುತದ ಋತುವಿಗೆ ಮುಂಚೆ ಕಾಯ್ದಿರಿಸಿ. ಐವನ್‌ನಲ್ಲಿ ಸ್ಟ್ಯಾಂಡ್ (ದೋಣಿಯನ್ನು ನಿಲ್ಲಿಸುವ ಆಸರೆ) ಮೇಲಿದ್ದ ದೋಣಿಗಳು ಇಸ್ಪೀಟೆಲೆಗಳಂತೆ ಸಾಲಾಗಿ ಉರುಳಿದವು. ಮಳೆಗೆ ನೆಲ ಮೆತ್ತಗಾದರೆ ಸ್ಟ್ಯಾಂಡ್ ಹೂತು ವಾಲುತ್ತದೆ. ಹಾಗಾಗಿ ಯಾರ್ಡ್‌ನವರನ್ನು ಕೇಳಿ: ಸ್ಟ್ಯಾಂಡ್ ಅಡಿಗೆ ಪ್ಲೈವುಡ್ ಹಾಕ್ತಾರಾ, ಎದುರುಬದುರು ಸ್ಟ್ಯಾಂಡ್‌ಗಳನ್ನು ಚೈನ್‌ನಿಂದ ಜೋಡಿಸ್ತಾರಾ, ನೆಲದ ಆಂಕರ್‌ಗೆ ಪಟ್ಟಿ ಬಿಗೀತಾರಾ? ಮಾಸ್ಟ್ ಇಳಿಸಿದರೆ ಇನ್ನೂ ಒಳ್ಳೆಯದು.

ವಿಮೆಯ ಪಾಲಿಸಿಯಲ್ಲಿ ಋತುವಿಗೆ ಅಕ್ಷಾಂಶದ ಗಡಿ ಇರುತ್ತದೆ, ಬಿರುಗಾಳಿ ಯೋಜನೆಯನ್ನೂ ಬರೆದುಕೊಡಲು ಹೇಳಬಹುದು. ಬರೆದುಕೊಟ್ಟ ಪ್ರಕಾರ ಮಾಡಿ, ಫೋಟೋ ತೆಗೆದಿಡಿ.

ನೀರಲ್ಲೇ ಬಿಟ್ಟು ಹೋಗುವುದಾದರೆ ಕಾಕ್‌ಪಿಟ್ (ಚುಕ್ಕಾಣಿ ಹಿಡಿದು ಕೂರುವ ತಗ್ಗು) ಡ್ರೈನ್ ಕಸವಿಲ್ಲದೆ ತೆರೆದಿರಲಿ, ಉಳಿದ ಸೀಕಾಕ್ (ದೋಣಿಯ ಒಡಲಿನ ತೂತುಗಳ ಕವಾಟ) ಎಲ್ಲ ಮುಚ್ಚಿ. ಎಂಜಿನ್ ಎಕ್ಸಾಸ್ಟ್ ಬಾಯಿಗೆ ಮರದ ಬಿರಡೆ ಜಡಿಯಿರಿ, ಇಲ್ಲದಿದ್ದರೆ ಹಿಂದಿನಿಂದ ಬಡಿಯುವ ಅಲೆ ಎಂಜಿನ್‌ಗೇ ನೀರು ತುಂಬುತ್ತದೆ. ಮರಳಿ ಬಂದಾಗ ಅದನ್ನು ತೆಗೆಯದೆ ಎಂಜಿನ್ ಶುರು ಮಾಡದಂತೆ, ಸ್ಟಾರ್ಟ್ ಕೀಗೆ ಒಂದು ಚೀಟಿ ಕಟ್ಟಿ ಹೋಗಿ.